ಲ್ಯಾಬಿನ ಅಕ್ಕನಿಗೆ, ಮತ್ತೆ ನಿಮ್ಮೆಲ್ಲರಿಗೂ

ನಿನ್ನೆ ವೈವಾ ಮುಗಿಯಿತು. ಕುಡಿಯುವ ನೀರಿನ ಫ್ಲೋರೈಡನ್ನು ಸಣ್ಣ ರಂಧ್ರಗಳಿರುವ ವಸ್ತುವೊಂದು ಹಿಡಿದಿಡಬಲ್ಲದೇ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಥೀಸಿಸ್ ಅಂತ ನಿಮಗೆಲ್ಲ ಗೊತ್ತೇ ಇದೆ, ವಿವರ ಮತ್ತೆ ಬರೆಯುವುದಿಲ್ಲ. ಗೈಡ್ ಸರ್, ಹಾಸ್ಟೆಲ್ ಗೆಳೆಯರು, ಕಂಪ್ಯೂಟರ್ ಕ್ಲಸ್ಟರ್ ನೋಡಿಕೊಳ್ಳುವವರು, ಕಷ್ಟಕಾಲದಲ್ಲಿ ಫೀಸ್ ಕಟ್ಟಿದ ಚಿಕ್ಕಪ್ಪ, ಎಲ್ಲರಿಗೂ ಮನಸಾರೆ ಧನ್ಯವಾದ.

ಜಾಸ್ತಿ ಹೇಳಬೇಕಿರುವುದು ನಮ್ಮ ಲ್ಯಾಬಿನ ಅಕ್ಕನ ಬಗ್ಗೆ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ.

ಆ ರಾತ್ರಿ ನಿಮ್ಮಲ್ಲಿ ಕೆಲವರಿಗೆ ಮಾತ್ರ ಗೊತ್ತು. ನೀರಿಲ್ಲದೆ ಆ ವಸ್ತುವಿನ ಬರೀ ರಂಧ್ರ, ಬರೀ ಫ್ಲೋರೈಡ್ ಇಟ್ಟು ಲೆಕ್ಕ ಹಾಕಿದಾಗ ಹಿಡಿತ ಗಟ್ಟಿಯಾಗಿತ್ತು. ನೀರಿನ ಅಣುಗಳನ್ನು ತುಂಬಿಸಿದ ಕೂಡಲೇ ಫ್ಲೋರೈಡ್ ಜಾರಿ ಹೋಯಿತು. ಅದೇ ಸಂಜೆ ಪಾವಗಡದಿಂದ ಅಮ್ಮ ಫೋನ್ ಮಾಡಿ, ಅಜ್ಜಿ ಹಾಸಿಗೆಯಿಂದ ಏಳುತ್ತಿಲ್ಲ ಅಂದಿದ್ದರು. ಫ್ಲೋರೈಡ್ ಜಾಸ್ತಿಯಿರುವ ಬೋರ್‌ವೆಲ್ ನೀರು ಕುಡಿದೇ ಬದುಕಿದ ಜೀವ. ಕುತ್ತಿಗೆ ಬಿಗಿದು, ಹಿಂದೆ ನೋಡಬೇಕಂದರೆ ಇಡೀ ಮೈಯನ್ನೇ ತಿರುಗಿಸುತ್ತಾಳೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅಂತ ಪ್ರತಿ ಪೇಪರಿನ ಮೊದಲ ಪುಟದಲ್ಲೂ ಇರುತ್ತದೆ. ಆ ಸಾಲು ಓದಿದಾಗಲೆಲ್ಲ ನನಗೆ ಕಾಣುವುದು ಅವಳ ಬೆನ್ನು. ಎಲ್ಲ ಬಿಟ್ಟು ಊರಿಗೆ ಹೋಗ್ತೀನಿ ಅಂತ ಅತ್ತುಬಿಟ್ಟೆ. ಜೋರಾಗಿಯೇ ಅತ್ತುಬಿಟ್ಟೆ.

ಅಕ್ಕ ಸಮಾಧಾನದ ಮಾತು ಆಡಲಿಲ್ಲ. ಕುರ್ಚಿ ಎಳೆದು ಪಕ್ಕ ಕೂತರು. ಹಾಳೆಯ ಹಿಂದೆ ಒಂದು ಸೊನ್ನೆ ಬರೆದು, ಸುತ್ತ ನೀರಿನ ಅಣುಗಳನ್ನು ಬರೆದರು. "ಫ್ಲೋರೈಡ್ ನೀರನ್ನ ಸುಲಭಕ್ಕೆ ಬಿಡಲ್ಲ ಕಣೋ. ನೀರಿಗಿಂತ ಜಾಸ್ತಿ ಅದು ಇಷ್ಟಪಡೋ ಜಾಗ ಹುಡುಕೋಣ" ಅಂದರು. 2008ರಲ್ಲಿ ಓಸ್ಲೋ ವಿಶ್ವವಿದ್ಯಾಲಯದವರು ಪ್ರಕಟಿಸಿದ ಯುಐಓ-66 ಅಂದರೆ ಜಿರ್ಕೋನಿಯಂ ಲೋಹದ ಗುಂಪುಗಳನ್ನು ಇಂಗಾಲದ ಅಣುಗಳ ಕೊಂಡಿಗಳು ಜೋಡಿಸಿ ಹಿಡಿದಿರುವ, ರಂಧ್ರಗಳಿರುವ ವಸ್ತು. ಅದರಲ್ಲಿ ಕೆಲವು ಕೊಂಡಿಗಳು ಇರುವುದೇ ಇಲ್ಲ. ಅಲ್ಲಿ ಜಿರ್ಕೋನಿಯಂ ಮೇಲೆ ಹೈಡ್ರಾಕ್ಸೈಡ್ ಕೂತಿರುತ್ತದೆ. ಅದನ್ನು ಎಬ್ಬಿಸಿ ಫ್ಲೋರೈಡ್ ಅಲ್ಲೇ ಕೂರಬಲ್ಲದು. ಬೆಳಗಿನವರೆಗೂ ಒಂದೊಂದೇ ಜಾಗದಲ್ಲಿ ಅದಲುಬದಲು ಮಾಡಿ ಇನ್‌ಪುಟ್ ಫೈಲ್ ಬರೆದೆವು. ನಾನು ಟೈಪ್ ಮಾಡುವುದು, ಅವರು ಸ್ಕ್ರೀನಿಗೆ ಬೆರಳಿಟ್ಟು ಸಾಲು ಸಾಲೂ ಓದುವುದು. ಅವರ ಸ್ವಂತ ಪೇಪರಿನ ಗಡುವು ಮರುದಿನವೇ ಇತ್ತು ಅಂತ ನನಗೆ ಆಮೇಲೆ ಬೇರೆಯವರಿಂದ ತಿಳಿಯಿತು.

ಥೀಸಿಸ್‌ನ ನಾಲ್ಕನೇ ಅಧ್ಯಾಯ ಆ ರಾತ್ರಿಯದ್ದು. ನೀರು ತುಂಬಿದ ಮೇಲೂ ಆ ಹಿಡಿತ ಉಳಿಯಿತು. ಇನ್ನು ನೀರಿನಲ್ಲಿ ಕರಗಿರುವ ಬೈಕಾರ್ಬನೇಟ್ ಕೂಡ ಅದೇ ಜಾಗಕ್ಕೆ ಪೈಪೋಟಿ ಮಾಡುತ್ತದೆಯೇ ನೋಡಬೇಕು, ನಮ್ಮ ಕಡೆಯ ನೀರಿನಲ್ಲಿ ಅದೂ ಜಾಸ್ತಿ ಅಲ್ವಾ. ಪಕ್ಕದ ಲ್ಯಾಬಿನವರು ಆ ವಸ್ತುವಿನ ಪುಡಿ ತಯಾರಿಸಿಕೊಡಲು ಒಪ್ಪಿದ್ದಾರೆ, ನನ್ನ ತಮ್ಮ ನಮ್ಮೂರಿನ ನೀರು ತಂದಿಟ್ಟಿದ್ದಾನೆ.

ಅಜ್ಜಿ ಈಗ ಕೋಲು ಹಿಡಿದು ಅಂಗಳದವರೆಗೆ ಬರುತ್ತಾಳೆ. ಅಕ್ಕ, ನೀವು ಊರಿಗೆ ಬರಲೇಬೇಕಂತೆ. ಯಾವಾಗ ಅಂತ ಅವಳೇ ಕೇಳುತ್ತಿದ್ದಾಳೆ, ಒಂದು ದಿನ ಹೇಳಿ.