ಶನಿವಾರ ರಾತ್ರಿ ಹಾಸ್ಟೆಲ್‌ನಲ್ಲಿ ಎಷ್ಟು ಮಕ್ಕಳಿರುತ್ತಾರೆ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪತ್ರಿಕೆಯ ಒಳಗೆ ಒಂದು ಬಣ್ಣದ ಕರಪತ್ರ ಇತ್ತು. ಇಂಗ್ಲೆಂಡ್, ಅಮೆರಿಕದ ಬೋರ್ಡಿಂಗ್ ಶಾಲೆಗಳಿಗೆ ಮಕ್ಕಳನ್ನು ಸೇರಿಸಿಕೊಡುತ್ತಾರಂತೆ, ಸಲಹೆ ಫ್ರೀಯಂತೆ. ಕಾಸರಗೋಡಿನಲ್ಲಿ ಇರುವ ಕನ್ನಡ ಶಾಲೆ ಉಳಿಸಿಕೊಳ್ಳುವುದೇ ಕಷ್ಟ, ಈ ಬದಿಯಡ್ಕದ ಅಡಿಕೆ ಕೃಷಿಕನಿಗೆ ಇಂಗ್ಲೆಂಡಿನ ಉಸಾಬರಿ ಯಾಕೆ ಅಂತ ನಗಬೇಡಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಗಲ್ಫಿನಲ್ಲಿದ್ದಾರೆ. ಮಕ್ಕಳು ಹೈಸ್ಕೂಲಿಗೆ ಬಂದರೆ ಮುಂದೆ ಎಲ್ಲಿಗೆ ಹಾಕುವುದು ಎಂಬ ಮಾತು ಮದುವೆ ಊಟದ ಪಂಕ್ತಿಯಲ್ಲೂ ಬರುತ್ತದೆ.

ನನ್ನ ಅಕ್ಕ, ಭಾವ ದುಬೈಯಲ್ಲಿದ್ದಾರೆ. ಮಗನನ್ನು 2024ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಒಂದು ಶಾಲೆಗೆ ಸೇರಿಸಿದರು. ಏಜೆಂಟ್ ಕೊಟ್ಟ ಪುಸ್ತಕದಲ್ಲಿ ಕುದುರೆ, ಈಜುಕೊಳ, ಕೋಟೆಯಂಥ ಕಟ್ಟಡ ಎಲ್ಲ ಇತ್ತು. ಮೂರನೇ ವಾರವೋ ಏನೋ, ಒಂದು ಶನಿವಾರ ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ಹುಡುಗ ವೀಡಿಯೋ ಕಾಲ್ ಮಾಡಿದ. "ಮಾವ, ಇಲ್ಲಿ ನೋಡಿ" ಅಂತ ಮೊಬೈಲ್ ತಿರುಗಿಸಿದ. ಊಟದ ಹಾಲ್. ಉದ್ದುದ್ದ ಮೇಜುಗಳು, ಅವುಗಳ ಮೇಲೆ ಕವುಚಿಟ್ಟ ಕುರ್ಚಿಗಳು, ಒಂದು ಮೂಲೆಯಲ್ಲಿ ಮಾತ್ರ ಐದು ಮಕ್ಕಳು. ಐವರೂ ಹೊರದೇಶದವರೇ. ಉಳಿದವರೆಲ್ಲ ಶುಕ್ರವಾರ ಸಂಜೆಯೇ ಅಪ್ಪ ಅಮ್ಮನ ಕಾರು ಹತ್ತಿದ್ದರು.

ವಿಷಯ ಇಷ್ಟೇ. ಅಲ್ಲಿ ಬೋರ್ಡಿಂಗ್ ಎಂದರೆ ಒಂದೇ ಥರ ಅಲ್ಲ. ವಾರದ ಐದು ದಿನ ಇದ್ದು ಮನೆಗೆ ಹೋಗುವುದೂ ಬೋರ್ಡಿಂಗೇ, ಬೇಕಾದಾಗ ಎರಡು ರಾತ್ರಿ ಮಲಗಿ ಹೋಗುವುದೂ ಬೋರ್ಡಿಂಗೇ. ಏಳು ದಿನವೂ ತುಂಬಿರುವ ಹಾಸ್ಟೆಲ್ ಬೇಕಾದರೆ ಕೇಳಿಯೇ ಹುಡುಕಬೇಕು. ಮಗುವನ್ನು ಮೂಡುಬಿದಿರೆಯ ಹಾಸ್ಟೆಲಿಗೆ ಹಾಕುವಾಗಲೇ ನಾವು ಎರಡು ಸಲ ಹೋಗಿ, ಬಾತ್‌ರೂಮ್ ನೋಡಿ, ಅಲ್ಲಿನ ಅನ್ನ ಸಾರು ಉಂಡು ಬರುತ್ತೇವೆ ಅಲ್ವಾ? ಅಷ್ಟು ದೂರದ ಶಾಲೆಗೆ ಮಾತ್ರ ಫೋಟೋ ನೋಡಿ ದುಡ್ಡು ಕಟ್ಟುತ್ತೇವೆ. ಹೋಗಲಿಕ್ಕೆ ಆಗದಿದ್ದರೆ ಶಾಲೆಗೆ ನೇರ ಒಂದು ಮೇಲ್ ಹಾಕಿ: ಶನಿವಾರ ರಾತ್ರಿ ಎಷ್ಟು ಮಕ್ಕಳು ಅಲ್ಲೇ ಮಲಗುತ್ತಾರೆ? ಉತ್ತರದಲ್ಲಿ ಅಂಕಿ ಇಲ್ಲದೆ ಬರೀ ಚಂದದ ಮಾತು ಬಂದರೆ ಅರ್ಥ ಮಾಡಿಕೊಳ್ಳಿ.

ಇನ್ನೊಂದು, ಗಾರ್ಡಿಯನ್ ಅಂದರೆ ಅಲ್ಲಿ ಮಗುವಿನ ಹೊಣೆ ಹೊರುವವರ ವಿಷಯ. ಅಲ್ಲಿ ಪ್ರತಿ ಟರ್ಮಿನ ನಡುವೆ ಹಾಫ್ ಟರ್ಮ್ ರಜೆ ಇರುತ್ತದೆ. ಇದಲ್ಲದೆ ಎಕ್ಸಿಯಾಟ್ ಅಂತ ಕೆಲವು ವಾರಾಂತ್ಯ ಅನೇಕ ಹಾಸ್ಟೆಲ್‌ಗಳು ಬೀಗ ಹಾಕುತ್ತವೆ. ಆಗ ಮಗು ಎಲ್ಲಿಗೆ ಹೋಗಬೇಕು? ಅದಕ್ಕೇ ಹೊರದೇಶದ ಮಕ್ಕಳಿಗೆ ಅಲ್ಲೇ ಇರುವ ಒಬ್ಬ ಗಾರ್ಡಿಯನ್ ಬೇಕು ಎಂದು ಶಾಲೆಗಳು ಹೇಳುತ್ತವೆ. ನಮ್ಮವರು ಖರ್ಚು ಉಳಿಯಲಿ ಅಂತ ಭಾವನ ಹಳೇ ಗೆಳೆಯರೊಬ್ಬರ ಹೆಸರು ಬರೆದರು. ಒಳ್ಳೆಯವರೇ, ಆದರೆ ಮನೆ ನಾಲ್ಕು ಗಂಟೆ ದಾರಿ, ಇಬ್ಬರಿಗೂ ಡ್ಯೂಟಿ. ಅಕ್ಟೋಬರ್ ರಜೆಯ ಇಡೀ ವಾರ ಹುಡುಗ ಸೋಫಾದಲ್ಲಿ ಮಲಗಿ ಮೊಬೈಲ್ ನೋಡಿದ. ಗಾರ್ಡಿಯನ್ ಸಂಸ್ಥೆಗಳನ್ನು ಪರೀಕ್ಷೆ ಮಾಡಿ ಮಾನ್ಯತೆ ಕೊಡುವ ಏಜಿಸ್ ಎಂಬ ಸಂಘ ಅಲ್ಲಿದೆ ಅಂತ ನಮಗೆ ಗೊತ್ತಾದದ್ದು ಆಮೇಲೆ.

ಫೀಸಿನ ಕಥೆ ಬೇರೆ. 2025ರ ಜನವರಿ 1ರಿಂದ ಅಲ್ಲಿನ ಖಾಸಗಿ ಶಾಲೆಗಳ ಫೀಸಿಗೆ ಶೇ. 20 ವ್ಯಾಟ್ ಬಂತು, ಹಾಸ್ಟೆಲ್ ಫೀಸಿಗೂ ಸೇರಿಸಿ. ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಅದರ ಸುದ್ದಿಯೇ ಇರಲಿಲ್ಲ. ಸಲಹೆ ಫ್ರೀ ಅಂದರೆ ಸುಮ್ನೆ ಅಲ್ಲ, ಇಂಥವರಿಗೆ ಸಾಮಾನ್ಯವಾಗಿ ಶಾಲೆಯಿಂದ ಕಮಿಷನ್ ಬರುತ್ತದೆ. ಕಮಿಷನ್ ತಪ್ಪಲ್ಲ, ಅಡಿಕೆ ವ್ಯಾಪಾರದಲ್ಲೂ ಇದೆ, ಆದರೆ ದಲ್ಲಾಳಿಯ ಮಾತು ಕೇಳಿ ಅಡಿಕೆ ಕೊಡುವ ಮೊದಲು ನಾವು ನಾಲ್ಕು ಕಡೆ ರೇಟು ವಿಚಾರಿಸುತ್ತೇವೆ.

ವಿಚಾರಿಸುವುದು ಕಷ್ಟವೂ ಅಲ್ಲ. ಅಲ್ಲಿನ ಅನೇಕ ಖಾಸಗಿ ಶಾಲೆಗಳನ್ನು ಇಂಡಿಪೆಂಡೆಂಟ್ ಸ್ಕೂಲ್ಸ್ ಇನ್‌ಸ್ಪೆಕ್ಟರೇಟ್ ಎಂಬ ಸಂಸ್ಥೆ ತಪಾಸಣೆ ಮಾಡುತ್ತದೆ, ವರದಿ ಅವರ ವೆಬ್‌ಸೈಟಿನಲ್ಲಿ ಯಾರಿಗೂ ಸಿಗುತ್ತದೆ. ಎರಡನೇ ಸಲ ಶಾಲೆ ಹುಡುಕುವಾಗ ನಾನೇ ಮೊಬೈಲಿನಲ್ಲಿ ನಿಧಾನಕ್ಕೆ ಓದಿದೆ. ಹಾಸ್ಟೆಲ್ ಬಗ್ಗೆ ಬೇರೆಯೇ ಬರೆದಿರುತ್ತಾರೆ. ಚೈಲ್ಡ್ ಸ್ಟೂಡೆಂಟ್ ವೀಸಾ ಸಿಗಬೇಕಾದರೆ ಶಾಲೆಗೆ ಸರಕಾರದ ಸ್ಪಾನ್ಸರ್ ಲೈಸನ್ಸ್ ಇರಬೇಕು, ಆ ಪಟ್ಟಿಯೂ ಬಹಿರಂಗವಾಗಿದೆ. ಮತ್ತೆ, ಬೇರೆ ಶಾಲೆಗೆ ಬದಲಾಯಿಸಿದರೆ ವೀಸಾಕ್ಕೂ ಹೊಸ ಅರ್ಜಿ, ಹೊಸ ಖರ್ಚು.

ಅಮೆರಿಕದ ಬಗ್ಗೆ ಒಂದೇ ಮಾತು: ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಸರಕಾರಿ ಹೈಸ್ಕೂಲಿನಲ್ಲಿ ಹೆಚ್ಚೆಂದರೆ 12 ತಿಂಗಳು, ಅದೂ ಪೂರ್ತಿ ಖರ್ಚು ಕಟ್ಟಿ. ಖಾಸಗಿ ಶಾಲೆಗೆ ಈ ಮಿತಿ ಇಲ್ಲ.

ಡಾಕ್ಟರ್ ಆಗುವ ಆಸೆ ಇರುವ ಮಕ್ಕಳ ಮನೆಯವರು ಇನ್ನೂ ಒಂದು ನೋಡಬೇಕು. ಇಂಗ್ಲೆಂಡಿನ ಎ-ಲೆವೆಲ್‌ನಲ್ಲಿ, ಅಂದರೆ ನಮ್ಮ ಪ್ಲಸ್ ಟುವಿನಂಥ ಓದಿನಲ್ಲಿ, ಸಾಮಾನ್ಯವಾಗಿ ಮೂರೇ ವಿಷಯ ತೆಗೆದುಕೊಳ್ಳುತ್ತಾರೆ. ಬಯಾಲಜಿ ಬಿಟ್ಟು ಇಷ್ಟದ ಆರ್ಟ್ ತೆಗೆದುಕೊಂಡರೆ, ಆಮೇಲೆ ಊರಿಗೆ ಬಂದು ನೇರ ನೀಟ್ ಬರೆಯುತ್ತೇನೆ ಅಂದರೆ ಅಷ್ಟು ಸುಲಭ ಅಲ್ಲ.

ನಮ್ಮ ಹುಡುಗನನ್ನು 2025ರ ಸೆಪ್ಟೆಂಬರಿಗೆ ಬೇರೆ ಶಾಲೆಗೆ ಹಾಕಿದ್ದಾರೆ. ಜಿಸಿಎಸ್‌ಇ ಅಂದರೆ ಅಲ್ಲಿನ ಹತ್ತನೇ ತರಗತಿಯಂಥ ಪರೀಕ್ಷೆ, ಅದಕ್ಕೆ ಎರಡು ವರ್ಷದ ಓದು, ನಡುವೆ ಬದಲಾಯಿಸಿದರೆ ಕಷ್ಟ, ಅದಕ್ಕೇ ಶುರುವಿಗೇ ಸರಿಯಾಗಿ ಸೇರಿಸಿದರು. ಇಲ್ಲಿ ಕುದುರೆಯೂ ಇಲ್ಲ, ಕೋಟೆಯೂ ಇಲ್ಲ. ಹೋದ ಶನಿವಾರ ನಾನಾಗಿಯೇ ಫೋನ್ ಮಾಡಿದರೆ ಎತ್ತಲಿಲ್ಲ. ಮರುದಿನ ಮೆಸೇಜ್ ಬಂತು: "ಮಾವ, ಮ್ಯಾಚ್ ಇತ್ತು, ಆಮೇಲೆ ಮಾಡ್ತೇನೆ." ಇನ್ನೂ ಮಾಡಿಲ್ಲ.

ಇತಿ,
ಓರ್ವ ಅಡಿಕೆ ಕೃಷಿಕ, ಬದಿಯಡ್ಕ