ಪಿಆರ್‌ಪಿ: ಸೂಜಿ ಚುಚ್ಚುವವರು ಯಾರು?

ಮಾನ್ಯರೇ,

ಮಳೆಗಾಲದಲ್ಲಿ ಡೆಂಗಿ ಬಂದಾಗ ಮಾತ್ರ ನಮ್ಮೂರಿನವರ ಬಾಯಲ್ಲಿ ಕೇಳಿಬರುತ್ತಿದ್ದ ‘ಪ್ಲೇಟ್‌ಲೆಟ್’ ಎಂಬ ಪದ ಈಗ ದಾವಣಗೆರೆಯಲ್ಲಿ ಕೂದಲು ಮತ್ತು ಚರ್ಮದ ಕ್ಲಿನಿಕ್‌ಗಳ ಫಲಕಗಳ ಮೇಲೂ ಕಾಣಿಸುತ್ತಿದೆ. ಪಿಆರ್‌ಪಿ (ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ, ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳು ಹೆಚ್ಚಿರುವ ರಕ್ತದ್ರವ) ಎಂಬ ಚಿಕಿತ್ಸೆಯಲ್ಲಿ ರೋಗಿಯ ತೋಳಿನಿಂದಲೇ ಒಂದಿಷ್ಟು ರಕ್ತ ತೆಗೆದು, ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಹಳದಿ ದ್ರವವನ್ನು ಬೇರ್ಪಡಿಸಿ ನೆತ್ತಿಗೋ ಮುಖಕ್ಕೋ ಚುಚ್ಚುತ್ತಾರೆ. ಆನುವಂಶಿಕವಾಗಿ ಕೂದಲು ತೆಳುವಾಗುತ್ತಿರುವ ಕೆಲವರಿಗೆ ಇದರಿಂದ ಪ್ರಯೋಜನವಾಗಿರುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಷ್ಟು ರಕ್ತ, ಎಷ್ಟು ವೇಗ, ಎಷ್ಟು ಸಲ ಎಂಬುದಕ್ಕೆ ಎಲ್ಲರೂ ಒಪ್ಪಿದ ಒಂದೇ ಕ್ರಮವಿಲ್ಲ; ಬುಡವೇ ಸತ್ತು ನುಣುಪಾದ ಬೋಳುತಲೆಯಲ್ಲಿ ಕೂದಲು ಹುಟ್ಟಿಸುವುದಂತೂ ಇದರಿಂದ ಆಗದ ಕೆಲಸ.

ಕಳೆದ ವರ್ಷ ಡೆಂಗಿಯಿಂದ ಚೇತರಿಸಿಕೊಂಡಿದ್ದ ನನ್ನ ತಂಗಿಯ ಮಗಳಿಗೆ, ಎರಡೂವರೆ ತಿಂಗಳಾಗುವಷ್ಟರಲ್ಲಿ ಬಾಚಣಿಗೆಯ ತುಂಬ ಕೂದಲು ಬರತೊಡಗಿತು. ಗಾಬರಿಬಿದ್ದು ನಗರದ ಒಂದು ಕ್ಲಿನಿಕ್‌ಗೆ ಕರೆದೊಯ್ದೆವು. ಈಚೆಗೆ ಜ್ವರ ಬಂದಿತ್ತೇ ಎಂದು ಅಲ್ಲಿ ಯಾರೂ ಕೇಳಲಿಲ್ಲ, ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆಯ ಮಾತೂ ಬರಲಿಲ್ಲ. ಆರು ಸಲದ ಪಿಆರ್‌ಪಿಗೆ 36 ಸಾವಿರ ರೂಪಾಯಿ, ಇವತ್ತೇ ಮುಂಗಡ ಕಟ್ಟಿದರೆ ಒಂದು ಸಲ ಉಚಿತ ಎಂದರು. ಆಷಾಢ ರಿಯಾಯಿತಿಯ ಸೀರೆ ಅಂಗಡಿಗೆ ಬಂದಂತಾಯಿತು! ಅದಕ್ಕಿಂತ ನನ್ನನ್ನು ಬೆಚ್ಚಿಸಿದ್ದು ಮೇಜಿನ ಮೇಲಿದ್ದ ಸ್ಟ್ಯಾಂಡ್. ತಳದಲ್ಲಿ ಕೆಂಪು, ಮೇಲೆ ಹಳದಿಯಾಗಿ ನಿಂತಿದ್ದ ನಾಲ್ಕು ಕೊಳವೆಗಳ ಪೈಕಿ ಎರಡರ ಮೇಲೆ ಯಾರ ಹೆಸರೂ ಇರಲಿಲ್ಲ. ಚುಚ್ಚುವವರು ವೈದ್ಯರೇ ಎಂದು ಕೇಳಿದ್ದಕ್ಕೆ ‘ಟ್ರೇನಿಂಗ್ ಆಗಿರೋ ಸ್ಟಾಫ್ ಇದ್ದಾರೆ’ ಎಂಬ ಉತ್ತರ ಬಂತು. ಎದ್ದು ಬಂದೆವು. ಜ್ವರವೋ ಹೆರಿಗೆಯೋ ಆದ ಎರಡು ಮೂರು ತಿಂಗಳಿಗೆ ಹೀಗೆ ಉದುರುವುದು ಸಾಮಾನ್ಯ, ತಾನಾಗಿಯೇ ಮರಳಿ ಬರುತ್ತದೆ ಎಂದು ನಂತರ ನೋಡಿದ ಚರ್ಮರೋಗ ತಜ್ಞರು ಧೈರ್ಯ ಹೇಳಿದರು. ಕೆಲವೇ ತಿಂಗಳಲ್ಲಿ ಹುಡುಗಿಯ ಹಣೆಯಂಚಿನಲ್ಲಿ ಮೋಟುಗೂದಲು ಎದ್ದು ನಿಂತಿತು.

‘ನಿಮ್ಮದೇ ರಕ್ತ, ಅಪಾಯವಿಲ್ಲ’ ಎನ್ನುವ ಮಾತು ಕೊಳವೆ ಅದಲುಬದಲಾಗದಿದ್ದರೆ, ಸೂಜಿ ಹೊಸದಾಗಿದ್ದರೆ ಮಾತ್ರ ನಿಜ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಪರವಾನಗಿಯಿಲ್ಲದ ಸ್ಪಾವೊಂದರಲ್ಲಿ ಇದೇ ಬಗೆಯ ಮುಖದ ಚಿಕಿತ್ಸೆ ಪಡೆದ ಕೆಲವರಿಗೆ ಎಚ್‌ಐವಿ ತಗುಲಿದ್ದನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರವೇ 2024ರಲ್ಲಿ ವರದಿ ಮಾಡಿದೆ.

2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಇಂತಹ ಕ್ಲಿನಿಕ್‌ಗಳು ನೋಂದಣಿ ಮಾಡಿಸಿಕೊಳ್ಳಬೇಕು, ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ನಾವು ಹೋದ ಕಡೆ ಎರಡೂ ಕಾಣಲಿಲ್ಲ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಪ್ರಾಧಿಕಾರವು ಮಹಡಿಯ ಮೇಲಿನ ಈ ಕೋಣೆಗಳಿಗೂ, ಸೂಜಿ ಹಿಡಿದಿರುವ ಬ್ಯೂಟಿ ಪಾರ್ಲರ್‌ಗಳಿಗೂ ಮುನ್ಸೂಚನೆ ಕೊಡದೆ ಒಮ್ಮೆ ಭೇಟಿ ನೀಡಿ, ಚುಚ್ಚುವವರ ವೈದ್ಯಕೀಯ ನೋಂದಣಿ ಸಂಖ್ಯೆಯನ್ನೂ ಕೊಳವೆಗಳ ಮೇಲಿನ ಚೀಟಿಯನ್ನೂ ಪರಿಶೀಲಿಸಬೇಕೆಂದು ಕೋರುತ್ತೇನೆ.

— ನಿವೃತ್ತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ