ಐವತ್ತನೇ ಗೊಂಬೆಯ ಕತ್ತು ನೆಟ್ಟಗಿದೆ

ನಿನ್ನೆ ಸಂಜೆ ಐವತ್ತನೇ ಗೊಂಬೆಯ ಕೋಟಿಗೆ ಕೊನೆಯ ಗುಂಡಿ ಹೊಲಿದು ದಾರ ಕತ್ತರಿಸಿದೆ. 45 ಸೆಂಟಿಮೀಟರ್ ಎತ್ತರದ ಬಟ್ಟೆಗೊಂಬೆ. ಒಳಲಂಗ, ಅದರ ಮೇಲೆ ನೆರಿಗೆಯ ಲಂಗ, ಅಸ್ತರು ಕೊಟ್ಟ ಉದ್ದ ಕೋಟು, ಅಂಚು ಮಡಿಸಿದ ಟೋಪಿ. ಮೊದಲ ಗೊಂಬೆಯಿಂದ ಇಲ್ಲಿಗೆ ಎರಡು ವರ್ಷ. ಒಂಟಿತನದ ಆ ಎರಡು ವರ್ಷ ಹೇಗೆ ಕಳೆದವು ಎಂಬುದು ಇದನ್ನು ಓದುವ ಹೆಚ್ಚಿನವರಿಗೆ ಗೊತ್ತು, ಮತ್ತೆ ಕೆದಕುವುದಿಲ್ಲ. ಬರೆಯಲು ಕೂತದ್ದು ಋಣ ನೆನೆಯುವುದಕ್ಕೆ.

ಕತ್ತರಿಸಿ ಉಳಿದ ತುಂಡುಬಟ್ಟೆಗಳನ್ನು ಚೀಲ ತುಂಬಿ ತಂದಿಟ್ಟವರಿಗೆ, ಕೆಟ್ಟು ಕೂತ ಹೊಲಿಗೆ ಮಷಿನ್ನಿನ ಬಾಬಿನ್ ಕೇಸು (ಅಡಿದಾರದ ಡಬ್ಬಿ) ಸರಿಮಾಡಿ ಕೊಟ್ಟವರಿಗೆ, ದಿನಕ್ಕೊಂದು ಸಲ ಫೋನ್ ಮಾಡಿ "ಊಟ ಆಯ್ತಾ" ಎಂದಷ್ಟೇ ಕೇಳಿ ಇಟ್ಟುಬಿಡುತ್ತಿದ್ದ ಗೆಳೆಯರಿಗೆ, ಮೊದಲ ಗೊಂಬೆಯ ಸೊಟ್ಟ ಮುಖ ನೋಡಿಯೂ ಅದನ್ನು ಎತ್ತಿ ಆಡಿಸಿದ ಮಕ್ಕಳಿಗೆ, ಎಲ್ಲರಿಗೂ ಮನಸಾರೆ ಧನ್ಯವಾದ. ಇನ್ನು ಮುಂದಿನದೆಲ್ಲ ಅತ್ತಿಗೆಗೆ.

ಎರಡು ವರ್ಷದ ಹಿಂದೆ, ಯಾರೂ ಬೇಡ ಅನ್ನಿಸಿ ನಾನು ಒಬ್ಬಳೇ ಕೂತಿದ್ದ ಆ ರಾತ್ರಿ ಬಂದ ಅತ್ತಿಗೆ ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. ದೀಪದ ಕೆಳಗೆ ಬಿಳಿ ಬಟ್ಟೆ ಹಾಸಿದರು. ಒಳಮಗ್ಗುಲು ಹೊರಗಿಟ್ಟು ಹೊಲಿದು, ಇನ್ನೂ ಮಗುಚಿ ಸರಿಮಗ್ಗುಲು ಹೊರಗೆ ತರದೆ ಇಟ್ಟಿದ್ದ ಗೊಂಬೆಯ ಎರಡು ಕೈಗಳನ್ನು ನನ್ನ ಮುಂದಿಟ್ಟು, "ಬೆರಳು ಮಗುಚು, ಅವಸರ ಬೇಡ" ಎಂದರು.

ಗೊಂಬೆ ಮಾಡುವವರಿಗೆ ಗೊತ್ತು, ಬೆರಳು ಮಗುಚುವಾಗ ತಲೆಯಲ್ಲಿ ಬೇರೆ ಯಾವುದಕ್ಕೂ ಜಾಗ ಇರುವುದಿಲ್ಲ. ಒಂದೊಂದು ಬೆರಳೂ ಸುಮಾರು 6 ಮಿಲಿಮೀಟರ್ ಅಗಲದ ಬಟ್ಟೆಯ ಕೊಳವೆ. ಅದರೊಳಕ್ಕೆ ಮಣಿಕಟ್ಟಿನ ಕಡೆಯಿಂದ ಸಣ್ಣ ಗಟ್ಟಿ ಕೊಳವೆಯೊಂದನ್ನು ತೂರಿಸಿ, ಹೊರಗಿನಿಂದ ಬೆರಳ ತುದಿಯನ್ನು ಮೊಂಡು ಕಡ್ಡಿಯಿಂದ ಆ ಕೊಳವೆಯೊಳಕ್ಕೆ ಒತ್ತಬೇಕು. ಆಮೇಲೆ ಬಟ್ಟೆಯನ್ನು ಕಡ್ಡಿಯ ಮೇಲೆ ಜಾರಿಸುತ್ತಾ ಹೋದರೆ ಬೆರಳು ತಾನಾಗಿ ಮಗುಚಿಕೊಳ್ಳುತ್ತದೆ. ಚೂಪು ಕಡ್ಡಿಯಾದರೆ ತುದಿ ತೂತಾಗುತ್ತದೆ. ಎಳೆದಾಡಿದರೆ ಹೊಲಿಗೆ ಬಾಯಿಬಿಡುತ್ತದೆ. ಎರಡು ಬೆರಳುಗಳ ಸಂದಿನಲ್ಲಿ ಹೊಲಿಗೆಯನ್ನು ಚೂಪು ಕೋನವಾಗಿ ತಿರುಗಿಸದೆ ಅಡ್ಡಕ್ಕೆ ಎರಡು ಟಾಕು ಹಾಕಿರಬೇಕು, ಕತ್ತರಿಯ ತುದಿಗೆ ಜಾಗ ಸಿಗುವುದು ಅಲ್ಲೇ. ಹೊಲಿಗೆಯ ಅಂಚಿನವರೆಗೂ ಕಚ್ಚು ಹಾಕದಿದ್ದರೆ ಮಗುಚಿದ ಮೇಲೆ ಸಂದು ಸುಕ್ಕುಗಟ್ಟುತ್ತದೆ. ಒಂದು ಎಳೆ ಹೆಚ್ಚಾದರೆ ಅಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ. ಹತ್ತು ಬೆರಳಿಗೆ ಆ ರಾತ್ರಿ ನನಗೆ ಮೂರು ಗಂಟೆ ಹಿಡಿಯಿತು. ಅತ್ತಿಗೆ ಎದುರಿಗೆ ಕೂತು ಇನ್ನೊಂದು ಗೊಂಬೆಯ ಕಾಲು ತುಂಬುತ್ತಿದ್ದರು.

ಅವರು ಕಲಿಸಿದ ಮೊದಲ ಪಾಠ ಬಟ್ಟೆಯದು. ಒತ್ತು ನೇಯ್ಗೆಯ ಹತ್ತಿ ಬಟ್ಟೆ, ಒಮ್ಮೆ ಬಿಸಿನೀರಿನಲ್ಲಿ ಒಗೆದು ಒಣಗಿಸಿ ಇಸ್ತ್ರಿ ಹಾಕಿದ್ದು. ಒಗೆಯದೆ ಹೊಲಿದರೆ ಮುಂದೆ ಎಂದೋ ನೀರು ತಾಗಿದಾಗ ಗೊಂಬೆಯ ಮೈಬಟ್ಟೆ ಕುಗ್ಗಿ ಒಳಗಿನ ಹತ್ತಿ ಗಂಟುಗಂಟಾಗಿ ಕಾಣುತ್ತದೆ. ಕೈಕಾಲುಗಳನ್ನು ಬಟ್ಟೆಯ ಉದ್ದದ ಎಳೆಗೆ ಸರಿಯಾಗಿ ಇಟ್ಟು ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದರೆ ಹತ್ತಿ ತುಂಬುತ್ತಿದ್ದಂತೆ ಒಂದು ಕಾಲು ದಪ್ಪ, ಒಂದು ತೆಳು, ಮೊಣಕಾಲು ಹೊರಳಿಕೊಂಡು ಹಿಂದಕ್ಕೆ. ಉಡುಪಿಗೆ 2.5 ಮಿಲಿಮೀಟರ್ ಉದ್ದದ ಟಾಕು ಸಾಕು, ಮೈಗೆ 1.5 ಬೇಕು. ಗಟ್ಟಿಯಾಗಿ ತುಂಬಿದ ಹತ್ತಿ ಹೊಲಿಗೆಯನ್ನು ಒಳಗಿನಿಂದ ಸದಾ ಒತ್ತುತ್ತಲೇ ಇರುತ್ತದೆ, ಟಾಕು ಉದ್ದವಾದರೆ ಸಂದಿನಲ್ಲಿ ದಾರ ಹಲ್ಲು ತೋರಿಸುತ್ತದೆ.

ಆಮೇಲೆ ಕತ್ತು. ಇದೊಂದರ ಬಗ್ಗೆ ಅತ್ತಿಗೆಯದು ಪಟ್ಟು. ನನ್ನ ಮೊದಲ ನಾಲ್ಕು ಗೊಂಬೆಗಳೂ ತಲೆ ತಗ್ಗಿಸಿ ಕೂತಿದ್ದವು. ಕಾರಣ ಸರಳ: ತಲೆಯನ್ನೂ ಮೈಯನ್ನೂ ತುಂಬುವ ಉತ್ಸಾಹದಲ್ಲಿ ಅವೆರಡರ ನಡುವಿನ ಇಕ್ಕಟ್ಟಿಗೆ ಹತ್ತಿ ಹೋಗಿಯೇ ಇರುವುದಿಲ್ಲ. ತಲೆ ತುಂಬುವಾಗ ಹತ್ತಿಯನ್ನು ದೊಡ್ಡ ಉಂಡೆಯಾಗಿ ತುರುಕಿದರೆ ಉಂಡೆಗಳ ನಡುವೆ ಪೊಳ್ಳು ಉಳಿಯುತ್ತದೆ. ಬೆರಳ ತುದಿಯಷ್ಟು ಚೂರು ಬಿಡಿಸಿ ಬಿಡಿಸಿ, ಹಿಂದಿನ ಚೂರಿನೊಳಕ್ಕೆ ಹೊಸದನ್ನು ಕಡ್ಡಿಯಿಂದ ಚುಚ್ಚುತ್ತಾ ಹೋಗಬೇಕು. ಗೊಂಬೆಯೊಂದು ಹೀಗೆ ನಾವು ಅಂದಾಜು ಮಾಡಿದ್ದಕ್ಕಿಂತ ಎಷ್ಟೋ ಹೆಚ್ಚು ಹತ್ತಿ ಹಿಡಿಯುತ್ತದೆ. ತಲೆ ತುಂಬಿದ ಮೇಲೆ ಮರದ ಕಡ್ಡಿಯೊಂದನ್ನು ತಲೆಯ ಅರ್ಧದಿಂದ ಎದೆಯ ನಡುವಿನವರೆಗೆ ಇಳಿಸಿ, ಕತ್ತಿನ ಸುತ್ತ ಅದು ಅಲುಗದಂತೆ ಬಿಗಿದು ತುಂಬಬೇಕು. ಕಡ್ಡಿಯ ಎರಡೂ ತುದಿಗೆ ಬಟ್ಟೆ ಸುತ್ತಿರಬೇಕು, ಇಲ್ಲದಿದ್ದರೆ ವರ್ಷ ಕಳೆದಂತೆ ನೆತ್ತಿಯಲ್ಲಿ ಮೊಳೆಯಂತೆ ಎದ್ದು ಕಾಣುತ್ತದೆ. ಕೈ ಬಾಗಬೇಕೆಂದು ತಂತಿ ಹಾಕುವವರೂ ತುದಿಯನ್ನು ಕುಣಿಕೆ ಮಾಡಿ ಮಡಚಬೇಕು, ನೇರ ತುದಿ ಒಂದಲ್ಲ ಒಂದು ದಿನ ಅಂಗೈ ತೂರಿ ಹೊರಬರುತ್ತದೆ.

ಮುಖವನ್ನು ರಾತ್ರಿ ಮುಟ್ಟಲು ಅವರು ಬಿಡುತ್ತಿರಲಿಲ್ಲ. ದೀಪದ ಹಳದಿ ಬೆಳಕಿನಲ್ಲಿ ದಾರದ ಬಣ್ಣ ಮೋಸ ಮಾಡುತ್ತದೆ, ದಣಿದ ಕಣ್ಣಿಗೆ ಸಮ ಕಂಡದ್ದು ಬೆಳಿಗ್ಗೆ ವಾರೆಯಾಗಿರುತ್ತದೆ. ಮೊದಲು ಎರಡು ಮಣಿತಲೆಯ ಗುಂಡುಸೂಜಿಗಳನ್ನು ಕಣ್ಣಿನ ಜಾಗದಲ್ಲಿ ಚುಚ್ಚಿ ಕನ್ನಡಿಯಲ್ಲಿ ನೋಡಿ. ತಪ್ಪು ಕನ್ನಡಿಯಲ್ಲಿ ಬೇಗ ಸಿಕ್ಕಿಬೀಳುತ್ತದೆ. ದೊಡ್ಡವರ ಮುಖಕ್ಕೆ ಕಣ್ಣು ತಲೆಯ ಎತ್ತರದ ಸರಿ ಅರ್ಧದಲ್ಲಿ, ಮಗುವಿನ ಮುಖಕ್ಕೆ ಅದಕ್ಕಿಂತ ಕೆಳಗೆ. ಗೆರೆ ಎಳೆದ ಬಟ್ಟೆಗೆ ಇಸ್ತ್ರಿ ತಾಗಿಸಬೇಡಿ, ನೀರಿಗೆ ಹೋಗುವ ಶಾಯಿ ಬಿಸಿ ತಾಗಿದರೆ ಕಲೆಯಾಗಿ ಕೂತುಬಿಡುತ್ತದೆ. ಕಸೂತಿ ದಾರದ ಆರು ಎಳೆಯಲ್ಲಿ ಒಂದೋ ಎರಡೋ ಬಳಸಿ, ಗಂಟನ್ನು ಕೂದಲು ಮುಚ್ಚುವ ಕಡೆ ಹಾಕಿ.

ಅತ್ತಿಗೆ, ನೀವು ಆ ರಾತ್ರಿ ಹನ್ನೊಂದಕ್ಕೆ ಎದ್ದು ಹೋಗಿದ್ದರೆ ಎಂದು ಬರೆಯಲು ಹೊರಟೆ. ಮುಂದಿನ ಸಾಲು ಮೂರು ಸಲ ಬರೆದು ಮೂರು ಸಲ ಅಳಿಸಿದ್ದೇನೆ. ನನಗೆ ಯಾರೂ ಬೇಡವಾಗಿದ್ದರು. ಯಾರಿಗೂ ನಾನು ಬೇಡ ಅನ್ನಿಸಿತ್ತು. ನೀವು ಹೋಗಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎಡಗೈಯ ಕಿರುಬೆರಳು ಹರಿದಾಗ ನಾನು ಅತ್ತದ್ದು ಬೆರಳಿಗಲ್ಲ ಎಂದು ನಿಮಗೆ ಗೊತ್ತಿತ್ತು, ಆದರೂ ಬೆರಳಿನ ಬಗ್ಗೆ ಮಾತ್ರ ಮಾತಾಡಿದಿರಿ. "ಇನ್ನೊಂದು ಕೈ ಕತ್ತರಿಸೋಣ, ಬಟ್ಟೆ ಇದೆ" ಎಂದಿರಿ.

ಉಡುಪಿನ ಮಾತಿಗೆ ಬರುತ್ತೇನೆ. ನಿಮ್ಮಿಂದ ಕಲಿತದ್ದರಲ್ಲಿ ನನಗೆ ಅತಿ ಇಷ್ಟದ್ದು ಅದು.

ಗೊಂಬೆ ಚಿಕ್ಕದಾಗುತ್ತದೆ, ಬಟ್ಟೆಯ ದಪ್ಪ ಚಿಕ್ಕದಾಗುವುದಿಲ್ಲ. ಎಲ್ಲ ತೊಡಕೂ ಇಲ್ಲಿಂದ ಹುಟ್ಟುತ್ತದೆ. 1945ರಲ್ಲಿ, ಯುದ್ಧದ ಕೊನೆಯಲ್ಲಿ ಬಟ್ಟೆಗೇ ಬರ ಇದ್ದಾಗ, ಪ್ಯಾರಿಸ್ಸಿನ ಹೆಸರಾಂತ ಹೊಲಿಗೆಮನೆಗಳು ಸುಮಾರು 70 ಸೆಂಟಿಮೀಟರ್ ಎತ್ತರದ ತಂತಿ ಗೊಂಬೆಗಳಿಗೆ ತಮ್ಮ ಹೊಸ ಉಡುಪುಗಳನ್ನು ತೊಡಿಸಿ ಪ್ರದರ್ಶನ ಇಟ್ಟಿದ್ದವು. ಅದು ಮನುಷ್ಯರ ಎತ್ತರದ ಸುಮಾರು ಐದರಲ್ಲಿ ಎರಡು ಪಾಲು, ಆ ಗಾತ್ರದಲ್ಲಿ ಮಾಮೂಲಿ ಬಟ್ಟೆಯೂ ಒಂದಷ್ಟು ಮಾತು ಕೇಳುತ್ತದೆ. 29 ಸೆಂಟಿಮೀಟರ್ ಗೊಂಬೆಯೆಂದರೆ ಆರನೇ ಒಂದು. ಅಲ್ಲಿ ದಪ್ಪ ಬಟ್ಟೆಯ ಲಂಗ ಜೋತುಬೀಳದೆ ಗಂಟೆಯ ಹಾಗೆ ನಿಂತುಬಿಡುತ್ತದೆ. ಬಟ್ಟೆಯ ಮೇಲಿನ 5 ಸೆಂಟಿಮೀಟರ್ ಹೂವು ಅವಳ ಮೈಮೇಲೆ ನಮಗೆ 30 ಸೆಂಟಿಮೀಟರ್ ಹೂವು ಇದ್ದಂತೆ. ವಾಯಿಲ್, ತೆಳು ಕೇಂಬ್ರಿಕ್‌ನಂಥ ನವಿರು ಹತ್ತಿ ಬಟ್ಟೆಗಳು, ಬಳಸಿ ಮೆದುವಾದ ರೇಷ್ಮೆ ಒಳ್ಳೆಯವು. ನಮ್ಮ ಲಂಗಕ್ಕೆ ಸೊಂಟದ ಎರಡೂವರೆ ಪಟ್ಟು ಬಟ್ಟೆ ಸೇರಿಸುವವರು ಗೊಂಬೆಗೆ ಒಂದೂವರೆಯಿಂದ ಎರಡು ಪಟ್ಟಿಗೆ ನಿಲ್ಲಿಸಿ. ಹೆಚ್ಚಾದರೆ ಸೊಂಟದಲ್ಲಿ ಹಗ್ಗ ಸುತ್ತಿದಂತೆ ಉಬ್ಬುತ್ತದೆ. ನೆರಿಗೆ ಎಳೆಯಲು 3 ಮಿಲಿಮೀಟರ್ ಅಂತರದಲ್ಲಿ ಎರಡು ಸಾಲು ಕಚ್ಚಾ ಹೊಲಿಗೆ ಹಾಕಿ ಎರಡೂ ದಾರ ಒಟ್ಟಿಗೆ ಎಳೆಯಿರಿ, ಒಂದೇ ಸಾಲಾದರೆ ನೆರಿಗೆಗಳು ಒಂದರ ಮೇಲೊಂದು ಮಗುಚಿ ಬೀಳುತ್ತವೆ.

ತೋಳನ್ನು ನಮ್ಮ ಬಟ್ಟೆಯ ಹಾಗೆ ಕೊಳವೆ ಮಾಡಿ ಕೂರಿಸಲು ಹೋಗಬೇಡಿ, ಮಷಿನ್ನಿನ ಪಾದವೇ ಒಳಗೆ ಹೋಗದು. ಭುಜ ಜೋಡಿಸಿದ ಮೇಲೆ ಎಲ್ಲವನ್ನೂ ಚಪ್ಪಟೆ ಹರಡಿ, ತೋಳನ್ನು ಕಂಕುಳಿಗೆ ಹೊಲಿದು, ತೋಳಿನ ಅಂಚೂ ಮಡಚಿಕೊಂಡು, ಕೊನೆಗೆ ಮಣಿಕಟ್ಟಿನಿಂದ ಕಂಕುಳಿಗೆ, ಅಲ್ಲಿಂದ ಸೊಂಟಕ್ಕೆ ಒಂದೇ ಓಟದಲ್ಲಿ ಪಕ್ಕದ ಹೊಲಿಗೆ ಹಾಕಬೇಕು. ಹೊಲಿಗೆಯ ಅಂಚು 6 ಮಿಲಿಮೀಟರ್ ಬಿಟ್ಟು ಹೊಲಿದು, ತಿರುವುಗಳಲ್ಲಿ 3ಕ್ಕೆ ಕತ್ತರಿಸಿ, ಎಳೆ ಬಿಚ್ಚದಂತೆ ನೀರು ಬೆರೆಸಿದ ಬಿಳಿ ಅಂಟನ್ನು ಹಲ್ಲುಕಡ್ಡಿಯಿಂದ ತೆಳ್ಳಗೆ ಸವರಿ. ಮೊದಲು ತುಂಡುಬಟ್ಟೆಯ ಮೇಲೆ ನೋಡಿ, ರೇಷ್ಮೆಯಲ್ಲಿ ಅದು ಒದ್ದೆಗುರುತಿನ ಹಾಗೆ ಉಳಿಯಬಹುದು. ಬಿಸಿ ಅಂಟಿನ ಗನ್ನನ್ನು ಮಾತ್ರ ಉಡುಪಿನ ಹತ್ತಿರ ತರಬೇಡಿ. ತೆಳು ಬಟ್ಟೆಯಲ್ಲಿ ಹೊರಕ್ಕೆ ಸೋರಿ ಗಟ್ಟಿ ಕಲೆ ಕಟ್ಟುತ್ತದೆ. ಮೈಗೇ ಅಂಟಿಸಿದ ಉಡುಪನ್ನು ಬಿಚ್ಚಲೂ ಆಗದು, ಒಗೆಯಲೂ ಆಗದು. ಬಿಚ್ಚಿ ತೊಡಿಸಲು ಬರುವ ಉಡುಪೇ ಉಡುಪು ಎಂಬುದು ಅತ್ತಿಗೆಯ ನಂಬಿಕೆ, ಈಗ ನನ್ನದೂ.

ಬೆನ್ನಿನ ಸೀಳು ಸೊಂಟಕ್ಕಿಂತ 2 ಸೆಂಟಿಮೀಟರ್ ಕೆಳಗಿಳಿಯಲಿ, ಇಲ್ಲದಿದ್ದರೆ ಸೊಂಟ ದಾಟಿಸುವಾಗ ಹರಿಯುತ್ತದೆ. ಅಲ್ಲಿಗೆ 6 ಮಿಲಿಮೀಟರಿನ ಪ್ರೆಸ್ ಬಟನ್ ಸಾಕು. ವೆಲ್ಕ್ರೋ ಬೇಡ, ಅದು ಉಣ್ಣೆನೂಲಿನ ಕೂದಲನ್ನೂ ಲೇಸನ್ನೂ ಕಚ್ಚಿ ಎಳೆಯುತ್ತದೆ. ಕಡುಗೆಂಪು, ಕಡುನೀಲಿ, ಕಪ್ಪು ಬಟ್ಟೆಯನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡದೆ ಎಂದೂ ತೊಡಿಸಬೇಡಿ. ಬಣ್ಣ ಬಿಟ್ಟರೆ ಅಸ್ತರು ಕೊಡಿ, ಮೈಗೆ ಹತ್ತಿದ ಬಣ್ಣ ಮತ್ತೆ ಹೋಗುವುದು ಕಷ್ಟ.

ವಿಕ್ಟೋರಿಯಾ ರಾಣಿಯ ಗೊಂಬೆಗಳ ಕಥೆಯನ್ನು ಹೇಳಿದ್ದೂ ಅತ್ತಿಗೆಯೇ. ಅರಮನೆಯಲ್ಲಿ ಓರಗೆಯ ಗೆಳತಿಯರಿಲ್ಲದೆ ಬೆಳೆದ ಹುಡುಗಿ. ಅವಳ ಹತ್ತಿರ 132 ಗೊಂಬೆಗಳಿದ್ದವು, ಹೆಚ್ಚಿನವು ಕೀಲುಗಳಿರುವ ಸಣ್ಣ ಮರದ ಗೊಂಬೆಗಳು. 32ಕ್ಕೆ ಅವಳೇ ಉಡುಪು ಹೊಲಿದಳು ಎನ್ನುತ್ತಾರೆ. ಉಳಿದವುಗಳಲ್ಲಿ ಹೆಚ್ಚಿನವನ್ನು ಹೊಲಿದವರು ಜೊತೆಗಿದ್ದ ಗುರುಮಾತೆ ಲೆಹ್ಜೆನ್. ಎಲ್ಲರೂ ಅವನ್ನು ವಿಕ್ಟೋರಿಯಾಳ ಗೊಂಬೆಗಳು ಎಂದೇ ಕರೆಯುತ್ತಾರೆ. ನನ್ನ ಐವತ್ತರಲ್ಲಿಯೂ ಮೊದಲ ಹನ್ನೊಂದರ ತೋಳುಗಳೆಲ್ಲ ಅತ್ತಿಗೆಯ ಕೈಯವು. ನೋಡಿದವರು ಹೊಗಳಿದಾಗಲೆಲ್ಲ ಇದನ್ನು ಹೇಳಬೇಕಿತ್ತು, ಹೇಳಿರಲಿಲ್ಲ.

ಒಂಟಿತನದಲ್ಲಿ ಈ ಕೆಲಸಕ್ಕೆ ಕೈಹಾಕುವವರಿಗೆ ಅವರ ಒಂದು ಪದ್ಧತಿಯನ್ನು ದಾಟಿಸುತ್ತೇನೆ. ರಾತ್ರಿ ಮಲಗುವ ಮುಂಚೆ ಕೆಲಸವನ್ನು ಪೂರ್ತಿ ಮುಗಿಸಬಾರದು. ಲಂಗದ ಅಂಚು ಮಡಚುತ್ತಿದ್ದರೆ ಕೊನೆಯ ನಾಲ್ಕು ಬೆರಳಷ್ಟು ಬಿಟ್ಟು, ಸೂಜಿಗೆ ದಾರ ಪೋಣಿಸಿ, ಬಟ್ಟೆಗೆ ಚುಚ್ಚಿಟ್ಟು ಏಳಬೇಕು. ಬೆಳಿಗ್ಗೆ ಎದ್ದಾಗ ಏನು ಮಾಡುವುದು ಎಂದು ಯೋಚಿಸುವ ಮೊದಲೇ ಕೈ ಆ ಸೂಜಿ ಹಿಡಿದಿರುತ್ತದೆ. ಹೊಸ ಗೊಂಬೆ ಶುರುಮಾಡುವ ದಿನವೇ ಅತಿ ಕಷ್ಟದ ದಿನ, ಹಾಗಾಗಿ ಒಂದನ್ನು ಮುಗಿಸುವ ಮುಂಚೆಯೇ ಮುಂದಿನದರ ಕೈಕಾಲು ಕತ್ತರಿಸಿಟ್ಟಿರಬೇಕು. ಎರಡು ವರ್ಷ ಅವರು ವಾರಕ್ಕೊಮ್ಮೆ ಬಂದು ಮಾಡಿದ್ದು ಇದನ್ನೇ. ನನಗೆ ಬೇಕಾದಷ್ಟನ್ನು ಕತ್ತರಿಸಿ, ಗುಂಡುಸೂಜಿ ಚುಚ್ಚಿ, ಮಡಚಿಟ್ಟು ಹೋಗುತ್ತಿದ್ದರು.

ಐವತ್ತನೆಯದು ನಿಮಗೇ, ಅತ್ತಿಗೆ. ನಾಳೆ ತರುತ್ತೇನೆ. ಬಿಸಿಲು ಬೀಳದ ಕಡೆ ನಿಲ್ಲಿಸಿ, ಕೋಟಿನ ನೀಲಿ ಬೇಗ ಮಾಸುವ ಜಾತಿಯದು. ಕೋಟು ಬಿಚ್ಚುವಾಗ ಬಲತೋಳು ಮೊದಲು. ಎಡಗೈಗೆ ತೆಳು ಪ್ಲಾಸ್ಟಿಕ್ ಚೀಲ ಸುತ್ತಿ ನಿಧಾನ ಜಾರಿಸಿ, ಕಿರುಬೆರಳನ್ನು ಹಿಡಿದು ಎಳೆಯಬೇಡಿ. ಅದನ್ನು ಈ ಸಲ ನಾನೊಬ್ಬಳೇ ಮಗುಚಿದ್ದೇನೆ, ಹರಿದಿಲ್ಲ.